ಬಣ್ಣದ ಕೆಳಗಿನ ಕೆಲಸ

ಕಡಲಿಗೂ ಘಟ್ಟಕ್ಕೂ ನಡುವೆ ಹಬ್ಬಿರುವ ಕಾಸರಗೋಡಿನ ನೆಲದಲ್ಲಿ ಕಾರಿನ ಮುಪ್ಪು ಮೊದಲು ತೋರುವುದು ಮೈಯಲ್ಲಿ. ಎಂಜಿನ್ನು ಇನ್ನೂ ಹುರುಪಿನಿಂದ ಓಡುತ್ತಿರುವಾಗಲೇ ಬಾಗಿಲಿನ ಅಂಚಿನಲ್ಲಿ, ಚಕ್ರದ ಮೇಲಣ ಕಮಾನಿನಲ್ಲಿ, ನಂಬರ್ ಪ್ಲೇಟಿನ ಮರೆಯಲ್ಲಿ ಬಣ್ಣ ಸಣ್ಣಗೆ ಉಬ್ಬತೊಡಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ. ಪಡುವಣದಿಂದ ಬೀಸುವ ಗಾಳಿಯಲ್ಲಿ ಉಪ್ಪಿನಂಶ. ತೋಟದ ದಾರಿಯಲ್ಲಿ ಅರ್ಧ ವರ್ಷ ಹಸಿ ಮಣ್ಣು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಆ ಕ್ರಿಯೆಗೆ ವೇಗ ಹೆಚ್ಚು. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಮೇಲಿನ ಬಣ್ಣವನ್ನು ಎತ್ತಿ, ಒಡೆದು, ಇನ್ನಷ್ಟು ನೀರಿಗೆ ದಾರಿ ಮಾಡಿಕೊಡುತ್ತದೆ. ಹೊರಗೆ ಕಡಲೆಕಾಳಿನಷ್ಟು ಉಬ್ಬು ಕಂಡರೆ ಒಳಗೆ ರೂಪಾಯಿಯಗಲದ ಹಾನಿ ಇರಬಹುದು.

ಜಿಲ್ಲೆಯ ಉತ್ತರ ಭಾಗದ ಹಳ್ಳಿಯೊಂದರಲ್ಲಿ, ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರು ದಶಕ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರ ಸಣ್ಣ ಬಿಳಿ ಕಾರಿಗೆ ಆ ವರ್ಷ 15 ತುಂಬುವುದಿತ್ತು. ಖಾಸಗಿ ಕಾರಿನ ನೋಂದಣಿಗೆ ಮೊದಲ ಅವಧಿ 15 ವರ್ಷ. ಆಮೇಲೆ ವಾಹನವನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. ಗೀರು, ತಗ್ಗು, ತುಕ್ಕು ಹೊತ್ತ ಮೈಯೊಂದಿಗೆ ಅಲ್ಲಿಗೆ ಹೋಗಲು ಮಾಸ್ತರರಿಗೆ ಮನಸ್ಸಿರಲಿಲ್ಲ. ವರ್ಕ್‌ಶಾಪಿನವರು ಟಿಂಕರಿಂಗ್‌ಗೂ ಪೇಂಟಿಂಗ್‌ಗೂ ಸೇರಿಸಿ ಹೇಳಿದ ಮೊತ್ತ ಒಂದು ತಿಂಗಳ ಪಿಂಚಣಿಯನ್ನು ಮೀರುತ್ತಿತ್ತು. ದೂರದ ಊರಿನಲ್ಲಿ ದುಡಿಯುತ್ತಿದ್ದ ಮಗ, ಮಾರಿಬಿಡಿ ಎಂದು ಫೋನಿನಲ್ಲಿ ಹೇಳಿದ. ಮಾರಿದರೆ ಮಡದಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬೇರೆ ಗತಿಯಿರಲಿಲ್ಲ. ಅಡಿಕೆ ತೋಟದ ನಡುವಿನ ಆ ಮನೆಯಿಂದ ಬಸ್ಸು ನಿಲ್ಲುವಲ್ಲಿಗೆ ಎರಡು ಮೈಲಿ ಏರುದಾರಿ.

ಅದೇ ಮನೆಯಲ್ಲಿ ಆ ದಿನಗಳಲ್ಲಿ ಇನ್ನೊಂದು ಮಾತೂ ನಡೆಯುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳಿಗೆ ವಾಹನಗಳೆಂದರೆ ಜೀವ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪಾಲಿಟೆಕ್ನಿಕ್ ಸೇರಿ ಆಟೊಮೊಬೈಲ್ ವಿಷಯವನ್ನು ಓದಬೇಕೆಂಬುದು ಅವಳ ಆಸೆ. ತಾಯಿಗೆ ಮಗಳ ಆಯ್ಕೆಯ ಬಗ್ಗೆ ಅಡ್ಡಿಯಿರಲಿಲ್ಲ, ಭಾಷೆಯ ಬಗ್ಗೆ ಅಳುಕಿತ್ತು. ಮುಂದೆ ಯಂತ್ರಗಳ ಪಾಠವೆಲ್ಲ ಇಂಗ್ಲಿಷಿನಲ್ಲಿ. ಇಷ್ಟು ವರ್ಷ ಕನ್ನಡದಲ್ಲಿ ಕಲಿತವಳು ಅಲ್ಲಿ ತಬ್ಬಿಬ್ಬಾದರೆ ಏನು ಗತಿ? ಜೂನ್ ತಿಂಗಳಲ್ಲೇ ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವುದು ಲೇಸಲ್ಲವೆ ಎಂದು ಆಕೆ ಮಾವನನ್ನು ಕೇಳಿದ್ದಳು. ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಒಂದಲ್ಲ ಒಂದು ವರ್ಷ ಏಳುವ ಪ್ರಶ್ನೆ ಇದು. ಮಾಸ್ತರರು ಆಗ ಉತ್ತರ ಕೊಡಲಿಲ್ಲ. ಕಾರಿನ ಕೆಲಸವನ್ನು ಮನೆಯಲ್ಲೇ ಮಾಡುವುದೆಂದು ನಿಶ್ಚಯಿಸಿ ಮೊಮ್ಮಗಳನ್ನು ಜತೆಗೆ ಕರೆದರು.

ಜನವರಿಯ ಮೊದಲ ಭಾನುವಾರ ತೊಳೆಯುವುದರಲ್ಲಿಯೂ ನೋಡುವುದರಲ್ಲಿಯೂ ಕಳೆಯಿತು. ಗಾಯಗಳು ಮೂರು ಬಗೆಯವು. ಹಿಂಬಾಗಿಲಿನಲ್ಲಿ ಬೇಲಿಯ ಮುಳ್ಳು ಎಳೆದ ಗೀರುಗಳು. ಮುಂದಿನ ಮಡ್ಗಾರ್ಡಿನಲ್ಲಿ ಗೇಟಿನ ಕೆಂಪುಕಲ್ಲಿನ ಕಂಬ ತಾಗಿ ಆದ ಅಂಗೈಯಗಲದ ತಗ್ಗು. ಚಾಲಕನ ಬಾಗಿಲಿನ ಕೆಳ ಅಂಚಿನಲ್ಲಿ ತುಕ್ಕಿನ ಉಬ್ಬು. ಒಂದೊಂದಕ್ಕೂ ಬೇರೆ ಮದ್ದು. ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದಾಗ ಉಗುರು ಸಿಕ್ಕಿಕೊಳ್ಳದಿದ್ದರೆ ಗಾಯ ಮೇಲ್ಪದರದ್ದು. ನೀರು ಸವರಿದಾಗ ಗೀರು ಮಾಯವಾದರೂ ಅದೇ ಅರ್ಥ. ಅಂಥವಕ್ಕೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಿದರೆ ಸಾಕು. ಉಗುರು ಸಿಕ್ಕಿಕೊಂಡರೆ ಬಣ್ಣ ಹಚ್ಚದೆ ಗತಿಯಿಲ್ಲ. ತಿಕ್ಕಿದ ಬಟ್ಟೆಗೆ ಬಿಳಿ ಅಂಟಿತು. ಈ ಕಾರಿನ ಬಣ್ಣದ ಮೇಲೆ ಬೇರೆ ಪಾರದರ್ಶಕ ಪದರವಿಲ್ಲವೆಂದು ಅದರಿಂದ ತಿಳಿಯಿತು. ಕೆಲಸ ಅಷ್ಟರಮಟ್ಟಿಗೆ ಹಗುರವಾಯಿತು. ಮೆಟಾಲಿಕ್ ಬಣ್ಣವಾಗಿದ್ದರೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಕೂಡ ಬೇಕಿತ್ತು, ಅದರೊಳಗಿನ ಲೋಹದ ಹುಡಿ ಎಲ್ಲೆಡೆ ಒಂದೇ ಸಮ ಕೂರುವಂತೆ ನೋಡಿಕೊಳ್ಳಬೇಕಿತ್ತು. ಮನೆಯಲ್ಲಿ ಅದು ಕಷ್ಟ.

ಎರಡನೆಯ ಭಾನುವಾರ ತುಕ್ಕಿನಿಂದ ಆರಂಭ. ಬಾಗಿಲಿನ ಗಾಜು ಇಳಿಯುವ ಸಂದಿಯಿಂದ ಮಳೆನೀರು ಒಳಗೆ ಇಳಿದೇ ಇಳಿಯುತ್ತದೆ. ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಈ ಬಾಗಿಲಿನ ತೂತುಗಳು ಕೆಸರಿನಿಂದಲೂ ಒಣಗಿದ ಎಲೆಯ ಚೂರುಗಳಿಂದಲೂ ಮುಚ್ಚಿಹೋಗಿದ್ದವು. ಎಷ್ಟೋ ಮಳೆಗಾಲಗಳ ನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿಂದಿತ್ತು. ಮೊಮ್ಮಗಳು ತೆಂಗಿನ ಹಿಡಿಸೂಡಿಯ ಕಡ್ಡಿಯೊಂದನ್ನು ತೂರಿಸಿ ತಿರುವಿದಾಗ ಕಪ್ಪು ಕೆಸರು ತೊಟ್ಟಿಕ್ಕಿತು. ತುಕ್ಕಿಗೆ ಕಾರಣವಾದುದನ್ನು ಬಿಟ್ಟು ತುಕ್ಕನ್ನು ಮಾತ್ರ ತೆಗೆದಿದ್ದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಅದೇ ಉಬ್ಬು ಏಳುತ್ತಿತ್ತು.

ಆಮೇಲೆ ಉಜ್ಜುವ ಕೆಲಸ. ಮರಳುಕಾಗದದ ಬೆನ್ನ ಮೇಲೆ ಬರೆದಿರುವ ಸಂಖ್ಯೆ ಹೆಚ್ಚಿದಷ್ಟೂ ಅದರ ಹರಳು ಸಣ್ಣದು. 80ರ ಕಾಗದ ತುಕ್ಕನ್ನು ಕಿತ್ತು ತೆಗೆಯುತ್ತದೆ; 180, 240ರವು ಅಂಚನ್ನು ಇಳಿಜಾರು ಮಾಡುತ್ತವೆ; 400ರದು ಪ್ರೈಮರನ್ನು ನಯಗೊಳಿಸುತ್ತದೆ; ಬಣ್ಣಕ್ಕೆ ಮೊದಲು 800. ಉಬ್ಬಿದ ಜಾಗವನ್ನಷ್ಟೇ ಕೆರೆದು ನಿಲ್ಲಿಸುವಂತಿಲ್ಲ, ಸುತ್ತಲೂ ಗಟ್ಟಿಯಾದ ಬಣ್ಣ ಸಿಗುವ ತನಕ ಹೋಗಬೇಕು. ಹಾಗೆ ಉಜ್ಜುತ್ತ ಹೋದಾಗ ನಡುವೆ ಬೆಳ್ಳಗೆ ಮಿನುಗುವ ಉಕ್ಕು, ಅದರ ಸುತ್ತ ಗಾಢ ಬೂದಿಬಣ್ಣದ ಒಂದು ಬಳೆ, ಅದರ ಸುತ್ತ ತಿಳಿ ಬೂದಿಯದೊಂದು, ಹೊರಗೆ ಬಿಳಿ. ಭೂಗೋಳದ ನಕಾಶೆಯಲ್ಲಿ ಗುಡ್ಡವನ್ನು ತೋರಿಸುವ ಗೆರೆಗಳಂತೆ ಅದು ಹುಡುಗಿಗೆ ಕಂಡಿತು. ಕಾರ್ಖಾನೆಯಲ್ಲಿ ಇಡೀ ತಗಡಿನ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಬಲದಿಂದ ಅಂಟಿಸಿದ ಮೊದಲ ಲೇಪ, ಅದರ ಮೇಲಿನ ಪ್ರೈಮರ್, ಅದರ ಮೇಲಿನ ಬಣ್ಣ, ಎಲ್ಲವೂ ಒಂದೇ ನೋಟಕ್ಕೆ ಸಿಕ್ಕವು. ಇಷ್ಟೆಲ್ಲ ಸೇರಿದರೂ ದಪ್ಪ ಸುಮಾರು 100 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಉಪ್ಪುಗಾಳಿಗೂ ಉಕ್ಕಿಗೂ ನಡುವೆ ಇರುವ ಗೋಡೆ ಅಷ್ಟೆ.

ಕಾಗದಕ್ಕೆ ಎಟುಕದ ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಬೆರೆತ ದ್ರಾವಣವನ್ನು ಬ್ರಷ್ಷಿನಿಂದ ಸವರಲಾಯಿತು. ಅದು ತುಕ್ಕಿನೊಂದಿಗೆ ವರ್ತಿಸಿ ಕಬ್ಬಿಣದ ಫಾಸ್ಫೇಟ್ ಎಂಬ ಸ್ಥಿರವಾದ ಪದಾರ್ಥವಾಗುತ್ತದೆ. ಕೈಗೆ ಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ತರಗತಿಯಲ್ಲಿ ಬಾಯಿಪಾಠವಾಗಿದ್ದ ‘ಉತ್ಕರ್ಷಣ’ ಎಂಬ ಮಾತು ಕಣ್ಣೆದುರು ಕಂದುಬಣ್ಣದಿಂದ ಕಪ್ಪಿಗೆ ತಿರುಗಿ ಅಡಗಿದಾಗ ಹುಡುಗಿ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ ನೋಡಿದಳು. ಆ ಸಂಜೆಯೊಳಗೇ ತೊಳೆದು, ಒಣಗಿಸಿ, ತುಕ್ಕುನಿರೋಧಕ ಪ್ರೈಮರಿನ ಮೊದಲ ಪದರ ಹಾಕಿ ಮುಗಿಸಿದರು. ಈ ಹವೆಯಲ್ಲಿ ಬರಿಯ ಉಕ್ಕನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರೂ ಬೆಳಗ್ಗೆ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ಪೊರೆ ಮೂಡಿರುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ತುಕ್ಕು ತಗಡನ್ನು ತೂತು ಮಾಡಿದ್ದರೆ, ಬಾಗಿಲಿನ ಕೆಳಗಿರುವ ಪೆಟ್ಟಿಗೆಯಂತಹ ಉದ್ದ ಭಾಗಕ್ಕಾಗಲಿ ಸೀಟು ಬೆಲ್ಟ್ ಬಿಗಿದಿರುವಲ್ಲಿಗಾಗಲಿ ಹಬ್ಬಿದ್ದರೆ, ಅದು ಮನೆಯ ಕೆಲಸವಲ್ಲ. ಅಲ್ಲಿ ಅಪಘಾತದ ಹೊತ್ತಿಗೆ ಜೀವ ಉಳಿಸುವ ಬಲ ಅಡಗಿರುತ್ತದೆ. ಅದನ್ನು ಪುಟ್ಟಿಯಿಂದ ಮುಚ್ಚುವುದು ತನ್ನವರಿಗೇ ಮಾಡುವ ಮೋಸ. ಮಾಸ್ತರರು ಆ ಜಾಗಗಳನ್ನೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ, ಸದ್ದು ಗಟ್ಟಿಯಾಗಿದೆಯೆಂದು ಖಾತ್ರಿ ಮಾಡಿಕೊಂಡೇ ಮುಂದುವರಿದದ್ದು.

ಮಡ್ಗಾರ್ಡಿನ ತಗ್ಗಿಗೆ ಬೇರೆ ಬಗೆಯ ತಾಳ್ಮೆ ಬೇಕಾಯಿತು. ಚಕ್ರವನ್ನು ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಮರೆಯನ್ನು ಸರಿಸಿ, ಮರದ ತುಂಡನ್ನು ಒತ್ತುಕೊಟ್ಟು ರಬ್ಬರಿನ ಸುತ್ತಿಗೆಯಿಂದ ಅಂಚಿನಿಂದ ನಡುವಿಗೆ ಮೆಲ್ಲಮೆಲ್ಲನೆ ತಟ್ಟಬೇಕು. ಜೋರಾಗಿ ಬಡಿದರೆ ತಗಡು ಹಿಗ್ಗಿ ಹೊರಗೆ ಗುಬುಟು ಏಳುತ್ತದೆ. ತಗ್ಗು ತುಸು ಉಳಿದರೆ ಪುಟ್ಟಿಯಿಂದ ತುಂಬಬಹುದು. ಎದ್ದ ಗುಬುಟನ್ನು ಮುಚ್ಚಲು ಯಾವ ಬಣ್ಣದಿಂದಲೂ ಆಗದು. ಸಮವಾಯಿತೇ ಎಂದು ತಿಳಿಯಲು ಕಣ್ಣಿಗಿಂತ ಅಂಗೈ ಲೇಸು. ತೆಳುವಾದ ಬಟ್ಟೆಯ ಮೇಲಿಂದ ಅಂಗೈಯನ್ನು ಉದ್ದಕ್ಕೆ ಜಾರಿಸಿದರೆ ಏರುತಗ್ಗು ತಾನಾಗಿ ತಿಳಿಯುತ್ತದೆ.

“ಇನ್ನೂ ಸ್ವಲ್ಪ ತಗ್ಗು ಉಂಟಲ್ಲ ಅಜ್ಜ?”

“ಉಂಟು ಮಗಾ. ಅದಷ್ಟು ಇರಲಿ, ಅದು ಪುಟ್ಟಿಯ ಪಾಲು.”

ಪುಟ್ಟಿ ಎರಡು ಭಾಗದ್ದು. 100 ಗ್ರಾಮಿಗೆ ಸುಮಾರು 2 ಗ್ರಾಮಿನಷ್ಟು ಹಾರ್ಡ್ನರ್ ಬೆರೆಸಿದೊಡನೆ ಒಳಗೆ ಬಿಸಿ ಹುಟ್ಟಿ ಗಟ್ಟಿಯಾಗತೊಡಗುತ್ತದೆ. ಹದಿನೈದು ನಿಮಿಷದಲ್ಲಿ ಕಲ್ಲು. ಆದ್ದರಿಂದ ಬೇಕಾದಷ್ಟನ್ನೇ ಕಲಸಬೇಕು. ದಪ್ಪ 3 ಮಿಲಿಮೀಟರು ಮೀರಬಾರದು. ಮೀರಿದರೆ ಮುಂದೆ ಬಿರುಕು ಬಿಡುತ್ತದೆ. ಪುಟ್ಟಿ ಸ್ಪಂಜಿನಂತೆ ನೀರು ಹೀರುವುದರಿಂದ ಅದನ್ನು ಒಣಗಿಯೇ ಉಜ್ಜಬೇಕು, ಪ್ರೈಮರ್ ಹಾಕದೆ ಇಬ್ಬನಿಗೆ ಬಿಡಬಾರದು. ನಯವಾಯಿತೆಂದು ತೋರಿದ ಮೇಲೆ ಪ್ರೈಮರಿನ ಮೇಲೆ ಕಪ್ಪು ಬಣ್ಣವನ್ನು ಮಂಜಿನಷ್ಟು ತೆಳುವಾಗಿ ಎರಚಿ ಮತ್ತೆ ಉಜ್ಜಿದರು. ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ಇನ್ನೂ ತಗ್ಗಿದೆ ಎಂದರ್ಥ. ಮೂರು ಬಾರಿ ಕಪ್ಪು ಉಳಿಯಿತು. ನಾಲ್ಕನೆಯ ಬಾರಿ ಉಳಿಯಲಿಲ್ಲ.

ಬಣ್ಣ ತರಲು ಇಬ್ಬರೂ ಪೇಟೆಗೆ ಹೋದರು. ಬಿಳಿಯಲ್ಲೂ ಹಲವು ಬಿಳಿಗಳಿರುವುದರಿಂದ ಕಾರಿನ ಮೇಲೆ ಅಂಟಿಸಿದ ಫಲಕದಲ್ಲಿನ ಬಣ್ಣದ ಸಂಕೇತವನ್ನು ಬರೆದುಕೊಂಡು ಹೋಗಿದ್ದರು. ಅಂಗಡಿಯಾತ ಅದನ್ನು ನೋಡಿ ಬಣ್ಣ ಬೆರೆಸಿ ಸ್ಪ್ರೇ ಡಬ್ಬಿಗೆ ತುಂಬಿಸಿಕೊಟ್ಟ. ಬಣ್ಣ ಅದೇ ಆದ್ದರಿಂದ ಆರ್‌ಸಿ ಪುಸ್ತಕದಲ್ಲಿ ಏನೂ ತಿದ್ದಿಸಬೇಕಾಗಿಲ್ಲ. ಬೇರೆ ಬಣ್ಣ ಬಳಿಸುವವರು ಮಾತ್ರ ಅದನ್ನು ದಾಖಲಿಸಬೇಕು. ಅಂಗಡಿಯಾತನ ಮಾತಿನಲ್ಲಿ ಮಲಯಾಳ, ತುಳು, ಕನ್ನಡ ಮೂರೂ ಇದ್ದವು. ಕಾರಿನ ಬಣ್ಣಕ್ಕೆ ಅವನು ಹೇಳುವುದು ‘ಡ್ಯೂಕೊ’ ಎಂದು. ಅದು ಅಮೆರಿಕದ ಡ್ಯುಪಾಂಟ್ ಕಂಪೆನಿ 1920ರ ದಶಕದಲ್ಲಿ ಹೊರತಂದ ಬೇಗ ಒಣಗುವ ಬಣ್ಣದ ಹೆಸರು. ಅದಕ್ಕೆ ಮೊದಲು ಒಂದು ಕಾರಿಗೆ ಬಣ್ಣ ಬಳಿದು ಒಣಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. 1924ರ ಓಕ್‌ಲ್ಯಾಂಡ್ ಕಾರುಗಳ ನೀಲಿಯಿಂದ ಆ ಕಾಯುವಿಕೆ ಮುಗಿಯಿತು. ನೂರು ವರ್ಷಗಳ ಮೇಲೂ ಆ ಹೆಸರು ಈ ಕರಾವಳಿಯ ಅಂಗಡಿಯಲ್ಲಿ ಮನೆಮಾತಾಗಿ ಉಳಿದಿದೆ.

ಮನೆಗೆ ಮರಳುವಾಗ ಮೊಮ್ಮಗಳು ಅದನ್ನೇ ಎತ್ತಿದಳು. ಪ್ರೈಮರ್, ಪುಟ್ಟಿ, ಹಾರ್ಡ್ನರ್, ಕಾಂಪೌಂಡ್, ಡ್ಯೂಕೊ. ಕೆಲಸದ ಹೆಸರುಗಳೆಲ್ಲ ಹೊರಗಿನವು, ಕನ್ನಡಕ್ಕೆ ಇಲ್ಲಿ ಏನು ಉಳಿಯಿತು ಎಂದು. ಮಾಸ್ತರರು ಅವಳಿಗೆ ಎರಡು ವಾರ ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಲು ತಿಳಿಸಿದರು. ತೊಳೆದದ್ದು, ಒರಸಿದ್ದು, ಕೆರೆದದ್ದು, ಉಜ್ಜಿದ್ದು, ತಟ್ಟಿದ್ದು, ಕಲಸಿದ್ದು, ಮೆತ್ತಿದ್ದು, ಸವರಿದ್ದು, ಎರಚಿದ್ದು, ತಿಕ್ಕಿದ್ದು. ಹೇಳುತ್ತ ಹೋದಂತೆ ಅವಳಿಗೇ ಗೊತ್ತಾಯಿತು. ವಸ್ತುಗಳ ಹೆಸರು ಅಂಗಡಿಯಿಂದ ಬಂದದ್ದು. ಕೈ ಮಾಡಿದ್ದೆಲ್ಲ ಮನೆಯ ಮಾತು. ಉಜ್ಜುವುದಕ್ಕೂ ತಿಕ್ಕುವುದಕ್ಕೂ ಇರುವ ಅಂತರವನ್ನು, ಮೆತ್ತುವುದಕ್ಕೂ ಸವರುವುದಕ್ಕೂ ಇರುವ ಅಂತರವನ್ನು ಯಾರೂ ಅವಳಿಗೆ ಪಾಠ ಹೇಳಿರಲಿಲ್ಲ. ಅಡುಗೆಮನೆಯಲ್ಲಿ, ಅಂಗಳಕ್ಕೆ ಸೆಗಣಿ ಸಾರಿಸುವಲ್ಲಿ, ಕೊಟ್ಟಿಗೆಯಲ್ಲಿ ಅವು ಅವಳ ಕೈಗೆ ಬಂದಿದ್ದವು.

ಮೂರನೆಯ ಭಾನುವಾರ ಬಣ್ಣ. ಅಂಗಳದಲ್ಲಿ ಅಡಿಕೆ ಒಣಗಲು ಹರಡಿತ್ತು. ಅದರ ಹತ್ತಿರ ಬಣ್ಣ ಎರಚಲು ಅಜ್ಜಿ ಒಪ್ಪಲಿಲ್ಲ, ಒಪ್ಪದಿದ್ದುದೂ ಸರಿಯೇ. ಗಾಳಿಯಲ್ಲಿ ತೇಲುವ ಬಣ್ಣ ಬಹುದೂರ ಹೋಗುತ್ತದೆ. ಕಾರನ್ನು ಹಟ್ಟಿಯ ಹಿಂದಿನ ನೆರಳಿಗೆ ಒಯ್ದು, ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿದರು. ಇಬ್ಬನಿ ಪೂರ್ತಿ ಆರಿದ ಮೇಲೆ, ಮಧ್ಯಾಹ್ನದ ಕಡಲಗಾಳಿ ಏಳುವ ಮೊದಲು ಕೆಲಸ ಮುಗಿಯಬೇಕು. ತೇವ ಹೆಚ್ಚಿದ್ದರೆ, ಬಣ್ಣದ ದ್ರವ ಆರುವಾಗ ತಣ್ಣಗಾದ ಮೇಲ್ಮೈಯ ಮೇಲೆ ಗಾಳಿಯ ನೀರು ಕೂತು ಮಾಸಲು ಮಂಜು ಕವಿಯುತ್ತದೆ. ಬಣ್ಣ ತಾಗಬಾರದ ಗಾಜು, ದೀಪ, ಚಕ್ರಗಳಿಗೆ ಹಳೆಯ ಪತ್ರಿಕೆಗಳ ಎರಡೆರಡು ಹಾಳೆ ಸೇರಿಸಿ ಟೇಪು ಅಂಟಿಸಿದರು. ಮೈಗೆ ಉಳಿದ ಜಿಡ್ಡನ್ನು ಒರಸಿ ತೆಗೆದರು. ಹಳೆಯ ಪಾಲಿಶಿನ ಅಂಶ ಉಳಿದರೆ ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂತಹ ಕುಳಿಗಳು ಮೂಡುತ್ತವೆ. ಇಬ್ಬರ ಮೂಗಿಗೂ ರಾಸಾಯನಿಕದ ಆವಿಯನ್ನು ತಡೆಯುವ ಮಾಸ್ಕ್. ಹತ್ತಿರದಲ್ಲಿ ಒಲೆಯ ಕಿಡಿಯೂ ಇಲ್ಲದಂತೆ ಎಚ್ಚರ. ಹಾರ್ಡ್ನರ್ ಬೆರೆಸಿ ಎರಚುವ ಬಣ್ಣಗಳನ್ನು ಮಾಸ್ತರರು ಬೇಡವೆಂದೇ ಬಿಟ್ಟಿದ್ದರು. ಅವುಗಳಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಹಾನಿಕರ, ಸಾಧಾರಣ ಮಾಸ್ಕ್ ಅದಕ್ಕೆ ಸಾಲದು.

ಅಡಿಕೆ ಹಾಳೆಯ ನಯವಾದ ಒಳಮೈಯ ಮೇಲೆ ಹುಡುಗಿ ಮೊದಲು ಅಭ್ಯಾಸ ಮಾಡಿದಳು. ಡಬ್ಬಿಯನ್ನು ಎರಡು ನಿಮಿಷ ಕುಲುಕಬೇಕು. ಒಂದು ಗೇಣು ದೂರದಲ್ಲಿ ಹಿಡಿಯಬೇಕು. ಗಾಯದ ಹೊರಗಿನಿಂದ ಆರಂಭಿಸಿ ಹೊರಗೇ ನಿಲ್ಲಿಸಬೇಕು. ಕೈ ಒಂದೇ ವೇಗದಲ್ಲಿ ಸಾಗಬೇಕು. ತೋಟಕ್ಕೆ ಮದ್ದು ಬಿಡುವುದನ್ನು ಅವಳು ಚಿಕ್ಕಂದಿನಿಂದ ನೋಡಿದವಳು. ಕೊಳೆರೋಗ ತಡೆಯಲು ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಗೊನೆ ಪೂರ್ತಿ ತೊಯ್ಯುವಂತೆ ಬಿಡುತ್ತಾರೆ. ಇಲ್ಲಿ ಹಾಗಲ್ಲ, ತೊಯ್ದರೆ ಕೆಟ್ಟಿತು. ಮೊದಲ ಪದರದಲ್ಲಿ ಕೆಳಗಿನ ಬೂದಿಬಣ್ಣ ಕಾಣುತ್ತಿರಬೇಕು. ಹತ್ತು ನಿಮಿಷ ಕಾದು ಇನ್ನೊಂದು, ಮತ್ತೆ ಕಾದು ಮತ್ತೊಂದು. ಚೌಕಿಯಲ್ಲಿ ಬಣ್ಣದ ವೇಷದವರು ಚುಟ್ಟಿ ಇಡುವಾಗಲೂ ಗಡಿಬಿಡಿ ಸಲ್ಲದು. ಒಂದು ಕಡೆ ಬಣ್ಣ ಇಳಿದು ಹನಿಯಾಯಿತು. ಒರಸಲು ಹೋಗದೆ ಬಿಟ್ಟು, ಗಟ್ಟಿಯಾದ ಮೇಲೆ ವಾಟರ್ ಪೇಪರಿನಿಂದ ತೀಡಿ ಇಳಿಸಿದರು. ಒಂದು ತಿಂಗಳ ತನಕ ಮೇಣದ ಪಾಲಿಶ್ ಹಚ್ಚಲಿಲ್ಲ. ಹೊರಗೆ ಒಣಗಿದಂತೆ ತೋರಿದರೂ ಒಳಗಿನ ದ್ರವ ಆರಲು ಅಷ್ಟು ದಿನ ಬೇಕು.

ತಪಾಸಣೆಯ ದಿನ ಅಧಿಕಾರಿ ದೀಪ, ಬ್ರೇಕು, ಹೊಗೆಯ ಪ್ರಮಾಣಪತ್ರಗಳನ್ನು ನೋಡಿದರು, ಸುತ್ತಲೂ ಒಮ್ಮೆ ಬಂದರು, ಸಹಿ ಹಾಕಿದರು. ಮಡ್ಗಾರ್ಡಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಚೆನ್ನಾಗಿ ಆದ ರಿಪೇರಿಗೆ ಸಿಗುವ ಪ್ರಶಸ್ತಿ ಅದೇ.

ಹುಡುಗಿ ಈ ಕೆಲಸವನ್ನೆಲ್ಲ ಶಾಲೆಯ ಕೈಬರಹದ ಪತ್ರಿಕೆಗೆ ಆರು ಪುಟಗಳಲ್ಲಿ ಬರೆದಳು. ಪ್ರೈಮರನ್ನು ಪ್ರೈಮರೆಂದೇ ಕರೆದಳು. ಅದಕ್ಕೊಂದು ಸಂಸ್ಕೃತದ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಆದರೆ ತುಕ್ಕು ಏಕೆ ಬಣ್ಣವನ್ನು ಎತ್ತುತ್ತದೆ, ಪುಟ್ಟಿಯನ್ನು ಏಕೆ ಒಣಗಿಯೇ ಉಜ್ಜಬೇಕು, ಬಾಗಿಲಿನ ತೂತು ಏಕೆ ತೆರೆದಿರಬೇಕು ಎಂಬುದನ್ನು ಮಾತಾಡಿದಷ್ಟೇ ಸರಾಗವಾಗಿ ಬರೆದಳು. ತಾಯಿ ಅದನ್ನು ರಾತ್ರಿ ಊಟದ ಬಳಿಕ ಓದಿದಳು. ಕಾರಿನ ಮೈಗೆ ಒಮ್ಮೆಯೂ ಕೈ ಹಚ್ಚದ ಆಕೆಗೆ ಎಲ್ಲವೂ ಅರ್ಥವಾಯಿತು. ಓದಿ ಮುಗಿಸಿ, ಈ ಹೊರಗಿನ ಹೆಸರುಗಳನ್ನೆಲ್ಲ ಇವಳು ಎಷ್ಟು ದಿನದಲ್ಲಿ ಕಲಿತಳು ಎಂದು ಮಾವನನ್ನು ಕೇಳಿದಳು. ಮೂರು ವಾರ, ಎಂದರು ಮಾಸ್ತರರು. ಕಾರಣಗಳನ್ನು ಕಲಿಯಲು ಒಂಬತ್ತು ವರ್ಷ ಹಿಡಿದಿದೆ, ಎಂದೂ ಸೇರಿಸಿದರು.

ಇಂಗ್ಲಿಷ್ ಬೇಡವೆಂದು ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಮುಂದಿನ ಓದಿಗೆ ಅದು ಬೇಕು. ಅದರ ಅಭ್ಯಾಸಕ್ಕೆಂದು ದಿನಕ್ಕೊಂದು ತಾಸು ಗೊತ್ತಾಯಿತು. ಹತ್ತನೆಯ ತರಗತಿಗೆ ಹುಡುಗಿ ಅದೇ ಶಾಲೆಯಲ್ಲಿ, ಅದೇ ಕನ್ನಡ ವಿಭಾಗದಲ್ಲಿ ಮುಂದುವರಿದಳು. ತಾಯಿಯ ಅಳುಕು ಪೂರ್ತಿ ಹೋಗಿದೆಯೆಂದಲ್ಲ. ಒಂದು ವರ್ಷ ನೋಡುವ, ಎಂದಿದ್ದಾಳೆ.

ಜೂನ್ ಬಂತು, ಮಳೆ ಹಿಡಿಯಿತು. ಮಡ್ಗಾರ್ಡಿನಲ್ಲಿ ಹಳೆಯ ಬಿಳಿಗೂ ಹೊಸ ಬಿಳಿಗೂ ನಡುವಿನ ಗಡಿ ಸಂಜೆಯ ಓರೆ ಬೆಳಕಿನಲ್ಲಿ, ಹುಡುಕುವವರಿಗೆ ಮಾತ್ರ, ತೆಳುವಾಗಿ ಕಾಣುತ್ತದೆ. ಬಾಗಿಲಿನ ಅಂಚು ಆಗಸ್ಟ್ ಮುಗಿದರೂ ನಯವಾಗಿಯೇ ಇತ್ತು. ಮಳೆ ನಿಂತ ಮೇಲೂ ಸ್ವಲ್ಪ ಹೊತ್ತು ಅದರ ತಳದ ತೂತುಗಳಿಂದ ನೀರು ಒಂದೊಂದೇ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.